ಗೀಟು

ಬೆಟಗೇರಿ ಹಾದಿಯೊಳಗಿನ ಈ ದವಾಖಾನಿಯ
ಹಿಂದಿನ ಬಾಗಿಲಿಗೆ ದಿನಾ ನಸುಕಿನಾಗ
ಕಸದ ಗಾಡಿ ಬರತದ.
ಹಳದಿ ಚೀಲ, ಕೆಂಪು ಚೀಲ, ನೀಲಿ ಡಬ್ಬಿ.
ಎಣಿಸಿ ಕೊಡೂದು ನನ್ನ ಕೆಲಸ.
ಮೊದಲು ನಾ ಹೊಲಿತಿದ್ದೆ.

ಲಿನನ್ ರೂಮಿನ ಮೂಲ್ಯಾಗ ನನ್ನ ಹೊಲಿಗಿ ಮಷೀನು,
ಅದರ ಮ್ಯಾಲ ಖಾಲಿ ರಟ್ಟಿನ ಡಬ್ಬಿ.
ಒಮ್ಮೆ ತೊಟ್ಟು ಒಗೆಯೋ ಗೌನು ಬಂದ ವರ್ಷ
"ಜನ್ನತಬೀ, ನಿನಗ ಇನ್ನ ಆರಾಮ" ಅಂದಿದ್ರು.
ಆರಾಮ ಅಂದ್ರ ಇದು:
ನೀಲಿ ಗೌನು, ನೀಲಿ ಟೊಪಗಿ, ನೀಲಿ ಹಾಸು,
ಕಾಗದೂ ಅಲ್ಲ, ಅರಿವೀನೂ ಅಲ್ಲ,
ಎರಡು ತಾಸು ಮೈಮ್ಯಾಲ,
ಆಮ್ಯಾಲ ಊರ ಹೊರಗಿನ ಭಟ್ಟಿಯೊಳಗ.

ಅರಿವಳಿಕಿ ಕೊಡೋ ಹೊಸಾ ಡಾಕ್ಟರಮ್ಮ, ಹೊಂಬಳದಾಕಿ,
ಒಂದು ಮುಂಜಾನಿ ರದ್ದಿ ಅಂಗಡಿಯಿಂದ
ಕೊಂಡಿ ತಕ್ಕಡಿ ತರಿಸಿದ್ಲು.
ಒಂದು ಸಿಝೇರಿಯನ್ನಿನ ಕಸಾ ಅಷ್ಟೂ ತೂಗು ಅಂದ್ಲು.
ಕೂಸು ಎರಡೂ ಮುಕ್ಕಾಲು ಕಿಲೋ.
ಕೂಸಿನ ಬೆನ್ನಿಗೆ ಬಂದ ಕಸ ಆರೂವರಿ.
ಮುಳ್ಳು ನಿಲ್ಲೂತನಕ ಇಬ್ಬರೂ ಮಾತಾಡಲಿಲ್ಲ.
ಒಳಗ ಅದು ಅಳತಿತ್ತು,
ಭಾಳ ಜೋರಿನ ದನಿ.

ತನ್ನ ಗ್ಯಾಸಿನ ಲೆಕ್ಕಾನೂ ತಗದ್ಲು ಆಕಿ.
"ಕಣ್ಣಿಗೆ ಕಾಣದ ಹೊಗಿ ಇದು, ಜನ್ನತಬೀ,
ಮಲಗಿಸೋದು ಒಬ್ಬರನ್ನ, ಬೇಯಿಸೋದು ಆಕಾಶಾನ."
ಒಂದು ಬಾಟಲಿ ಪೂರಾ ಬಿಟ್ಲು,
ಇನ್ನೊಂದರ ಗುಂಡಿ ಕಡಿಮಿಗೆ ತಿರುವಿದ್ಲು.
ಮಂದಿ ಹಂಗ ಮಲಗಿದ್ರು, ಹಂಗ ಎದ್ರು,
ಎದ್ದು ಚಹಾ ಕೇಳಿದ್ರು.

ಮೀಟಿಂಗಿನ್ಯಾಗ ದೊಡ್ಡ ಸರ್ಜನ್ನರು ಮೇಜು ಕುಟ್ಟಿದ್ರು:
"ಕೀವು ಆದ್ರ ಯಾರ ಕೊರಳಿಗೆ?"
ಅವರ ಮಾತು ಸುಳ್ಳಲ್ಲ.
ನನ್ನ ಅಕ್ಕ ಹಡದ ಹನ್ನೊಂದನೇ ದಿನ ನಂಜೇರಿ ಹೋದಾಕಿ.
ಹೊಲಸು ಅರಿವಿ ಏನು ಮಾಡತದ ಅಂತ
ನನಗ ಯಾರೂ ಹೇಳೂದು ಬ್ಯಾಡ.
ಸೂಜಿ, ಸಿರಿಂಜು ಒಮ್ಮಿಗೇ ಸೈ,
ಅದಕ್ಕ ನಾವು ಕೈ ಹಚ್ಚಲಿಲ್ಲ.
ಅರಿವಿ ಅಷ್ಟ ಕೇಳಿದ್ವಿ.

"ಅರಿವಿ ಅಂದ್ರ ನೀರು" ಅಂದ್ರು ಮ್ಯಾನೇಜರು.
ನಮ್ಮ ಊರಿನ ನಳಕ್ಕ
ಎಂಟು ದಿನಕ್ಕೊಮ್ಮಿ ನಮ್ಮ ನೆನಪು ಬರತದ.
ಬಾಗಿಲ ಹತ್ತಿರ ನಿಂತಿದ್ದ ಡಯಾಲಿಸಿಸ್ ಕೋಲಿಯ ಕುಬೇರಪ್ಪ
ಕೆಮ್ಮಿ ಹೇಳಿದ:
"ನಮ್ಮ ಫಿಲ್ಟರು ಹತ್ತು ಕೊಡ ಕುಡದ್ರ
ನಾಲ್ಕು ಕೊಡ ಉಗಳತದರೀ. ತಿಳಿ ನೀರು.
ಸೀದಾ ಗಟಾರಕ್ಕ."
ಮೂರು ವರ್ಷ ಹೋಗಿತ್ತು.
ಯಾರೂ ಕೇಳಿದ್ದಿಲ್ಲ, ಅವನೂ ಹೇಳಿದ್ದಿಲ್ಲ.

ಬೆಟಗೇರಿಯ ವಿಠ್ಠಲಸಾ ಖೋಡೆ
ಸೀರಿ ಬಿಟ್ಟು ಬ್ಯಾರೆ ನೇಯ್ದಾವ ಅಲ್ಲ.
ಹಸಿರು ಬೇಕು, ಬಿಗಿ ಬೇಕು, ರಕ್ತ ಇಳೀಬಾರದು ಅಂದ್ವಿ.
"ದಡಿ ಬ್ಯಾಡೇನ್ರೀ?"
ಬ್ಯಾಡ ಅಂದ್ರೂ ಅಂಚಿನ್ಯಾಗ
ಒಂದ ಒಂದು ಎಳಿ ಕೆಂಪು ಇಟ್ಟಾನ.

ಗಂಟು ಕಟ್ಟಿ ಮ್ಯಾಲ ಪಟ್ಟಿ ಹಚ್ಚಿ ಉಗಿ ಪೆಟ್ಟಿಗಿಗೆ ಕಳಸತೇನಿ.
ಹೋಗುವಾಗ ಪಟ್ಟಿ ಬರೇ ಬಿಳಿ,
ಬರುವಾಗ ಕರೀ ಗೀಟು ಮೂಡಿರತಾವ.
ಬಾಗಿಲು ತಗದ್ರ ರೊಟ್ಟಿ ಹಂಚಿನಂಥ ಝಳ.
ಗೀಟು ಮೂಡದ ಗಂಟು ನಾ ಕೊಡೂದಿಲ್ಲ,
ದೊಡ್ಡ ಸರ್ಜನ್ನರೇ ಬಂದು ನಿಂತ್ರೂ.

ಮಾಳಿಗಿ ಮ್ಯಾಲ ಕಪ್ಪತಗುಡ್ಡದ ಗಾಳಿ.
ಹಗ್ಗದ ಮ್ಯಾಲ ಹದಿನಾರು ಗೌನು ತೋಳು ಉಬ್ಬಿಸಿ ನಿಂತಿದ್ವು.
ಯಾವುದೋ ಪೇಷಂಟಿನ ಹುಡುಗ ಮ್ಯಾಲ ಬಂದು ಕೇಳಿದ:
"ಇವರ ತಲಿ ಎಲ್ಲಿ ಹೋದ್ವು?"
ಊಟಕ್ಕ ಅಂದೆ.

ಒಗದಾಗೊಮ್ಮೆ ಒಳಮಡಿಕಿಗೆ ನಂದೂ ಒಂದು ಗೀಟು,
ಅಳಿಸದ ಶಾಯಿಯೊಳಗ.
ನಿನ್ನೆ ಅರವತ್ತೆರಡನೇ ಗೀಟಿನದು ಬೆಳಕಿಗೆ ಹಿಡದೆ,
ಸೂಜಿಮೊನಿಯಷ್ಟು ಬಿಸಲು ಇಳೀತು.
ಅದು ಇನ್ನ ಥಿಯೇಟರಿಗಲ್ಲ.
ಹರದು ಕೌದಿಗೆ ಇಟ್ಟೇನಿ,
ವಾರ್ಡಿನ ಹೊರಗ ಬರೀ ನೆಲದ ಮ್ಯಾಲ
ರಾತ್ರಿ ಕಳೆಯೋ ಮಂದಿ ಭಾಳ.

ಇವತ್ತ ನಸುಕಿನಾಗ ಗಾಡಿಯಾವ ಹಳದಿ ಚೀಲ ಎತ್ತಿದ,
ಇಳಿಸಿ ಮತ್ತ ಎತ್ತಿದ.
"ಯಾಕ್ರೀ, ನಿನ್ನೆ ಆಪರೇಷನ್ ಇದ್ದಿದ್ದಿಲ್ಲೇನು?"

ಒಂಬತ್ತು ಇದ್ವು ಅಂದೆ.