ಕೈಗುಣ

ಟೊಲೀಡೊ ಊರಿನ ಪಶ್ಚಿಮಕ್ಕೆ, ಟೈರು ಅಂಗಡಿಗೂ
ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಗೂ ನಡುವೆ
ನಮ್ಮ ಶಾಲೆ.
ಹದಿನಾಲ್ಕು ವಾರದಲ್ಲಿ ರಕ್ತ ತೆಗೆಯಲು ಕಲಿಸುತ್ತೇವೆ.
ಫೀಸು ಕಂತಿನಲ್ಲಿ.

ಮೊದಲ ದಿನ ಪಾಠ ಬೇಡ, ಎನ್ನುತ್ತಾರೆ ಡೈರೆಕ್ಟರ್ ಹಾಲ್ವರ್ಸನ್,
ನಿಮ್ಮ ಹಿನ್ನೆಲೆ ಹೇಳಿ, ಕೇಳಿದವರಿಗೆ ಹುರುಪು ಬರಬೇಕು.
ಬಾರದಿದ್ದರೆ ಮೂರನೇ ವಾರಕ್ಕೆ ಅರ್ಧ ಕುರ್ಚಿ ಖಾಲಿ.
ಅವರ ಹತ್ತಿರ ಲೆಕ್ಕ ಇದೆ.

ನನ್ನ ಹತ್ತಿರ ಇಸ್ತ್ರಿ ಮಾಡಿದ ಕಥೆ ಇದೆ:
ನದಿದಂಡೆಯ ಆಸ್ಪತ್ರೆ, ಹತ್ತೊಂಬತ್ತು ವರ್ಷ,
ಎರಡು ಫಲಕ, ಮೇಯರರ ಜೊತೆ ಒಂದು ಫೋಟೊ.
ಎಂಟು ಸ್ಲೈಡಿಗೆ ಮುಗಿಯುತ್ತದೆ. ಚಪ್ಪಾಳೆ ತಟ್ಟುತ್ತಾರೆ,
ಮಿಸ್ ಆನಾ, ಮಿಸ್ ಆನಾ ಎಂದು.
ಅನಸೂಯ ಅವರ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತಾಳೆ.

ಈ ಸಲ ಜನವರಿ. ಪ್ರೊಜೆಕ್ಟರಿನ ಬಲ್ಬು ಕೈಕೊಟ್ಟಿತು.
ಹನ್ನೊಂದು ಜನ. ಬೂಟಿನ ಹಿಮ ಕರಗಿ
ಕುರ್ಚಿಕುರ್ಚಿಯ ಕೆಳಗೂ ಒಂದೊಂದು ಪುಟ್ಟ ಕೆರೆ.
ಹಿಂದಿನ ಸಾಲಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಡಿಶಾನ್
ಕಣ್ಣು ತೆರೆದುಕೊಂಡೇ ನಿದ್ದೆ.
ಮುಂದೆ ಲೊರೇನ್ ಝಿಲಿನ್‌ಸ್ಕಿ, ಐವತ್ತು ದಾಟಿದವಳು,
ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಬಂದವಳು,
ಹೊಸ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು
ಸ್ಕೇಲಿಟ್ಟು ಅಡಿಗೆರೆ ಎಳೆದು ಕಾಯುತ್ತಿದ್ದಾಳೆ.

ಆ ಅಡಿಗೆರೆ ನೋಡಿದ್ದೇ
ಇಸ್ತ್ರಿಯ ಕಥೆ ಬಾಯಿಗೆ ಬರಲಿಲ್ಲ.

ಒಂಬತ್ತು ವರ್ಷ, ಎಂದೆ, ಉಪ್ಪಿನಕಾಯಿ ಕಾರ್ಖಾನೆಯಲ್ಲಿ
ಬಾಟಲಿಗೆ ಮುಚ್ಚಳ ಹಾಕಿದವಳು ನಾನು
(ಉಪ್ಪಿನಕಾಯಿಯೆಂದರೆ ಇವರದು, ಮಿಡಿಸೌತೆಯದು,
ಖಾರ ಸೋಕದ್ದು. ಇದನ್ನು ಅವರಿಗೆ ಹೇಳಲಿಲ್ಲ).
ನಲವತ್ತೆರಡಕ್ಕೆ ಇಂಥದೇ ಕುರ್ಚಿಗೆ ಬಂದು ಕೂತೆ.
ಎಷ್ಟು ತೊಳೆದರೂ ಕೈಯಲ್ಲಿ ವಿನೆಗರ್ ವಾಸನೆ.
ಪಕ್ಕದವಳು ಮೆಲ್ಲಗೆ ಕುರ್ಚಿ ಸರಿಸಿಕೊಂಡಳು.

ಕೆಲಸ ಸಿಕ್ಕ ಮೂರನೇ ದಿನ, ನಸುಕಿನ ನಾಲ್ಕೂವರೆ,
ಐದನೇ ಮಹಡಿ, ಟಾಲಿವರ್ ಎಂಬ ಮುದುಕ.
ಒಂದು ಚುಚ್ಚಿದೆ, ನರ ಜಾರಿತು.
ಇನ್ನೊಂದು. ಮೂರನೆಯದಕ್ಕೆ ತೋಳು
ನೇರಳೆಹಣ್ಣು ಜಜ್ಜಿದ ಹಾಗೆ.
ಬಾಯಿಗೆ ಬಂದದ್ದು ಬೈದ. ಬೇರೆಯವರನ್ನು ಕರಿ ಎಂದ.
ಚಾದರ ಒಟ್ಟುವ ಕೋಣೆಯಲ್ಲಿ ಅತ್ತೆ,
ಹನ್ನೆರಡು ನಿಮಿಷ. ಗಡಿಯಾರ ಎದುರಿಗೇ ಇತ್ತು.

ಮರುದಿನ ಪಟ್ಟಿಯಲ್ಲಿ ಮತ್ತೆ ಅವನ ಹೆಸರು.
ಒಳಗೆ ಹೋದೆ. ನೋಡಿದ. ಮಾತಿಲ್ಲದೆ
ಇನ್ನೊಂದು ತೋಳು ಚಾಚಿದ.
ಕ್ಷಮಿಸಿದನೋ, ಬೇಸತ್ತನೋ, ಈಗಲೂ ತಿಳಿಯದು.
ಕಣ್ಣು ಮುಚ್ಚಿ ಬೆರಳಿಟ್ಟೆ. ಚರ್ಮದಡಿ ಏನೋ
ಒತ್ತಿದರೆ ತಗ್ಗಿತು, ಬಿಟ್ಟರೆ ಎದ್ದಿತು.
ಆಯಿತಾ? ಕೇಳಿದ.
ಆಯಿತು.
ಫಲಕ ಕೊಟ್ಟವರು ಆ ಮಾತು ಬರೆಸಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಕೈಗುಣ ಎನ್ನುತ್ತಾರೆ, ಎಂದೆ.
ಇಂಗ್ಲಿಷಿನಲ್ಲಿ ಹುಡುಕಿದೆ, ಸಿಗಲಿಲ್ಲ. ಬೋರ್ಡಿನ ಮೇಲೆ
ಒಂದು ಕೈ ಬರೆದೆ, ಅದು ಬದನೆಕಾಯಿಯಂತಾಯಿತು, ನಕ್ಕರು.
ಡಿಶಾನ್ ಎಚ್ಚರವಾಗಿದ್ದ.
ಅದು ಹುಟ್ಟಿನಿಂದ ಬರುತ್ತಾ? ಕೇಳಿದ.
ಕೆಲವರಿಗೆ ಇರಬಹುದು.
ನನಗೆ ಬಂದದ್ದು ನಾನೂರು ತೋಳು ದಾಟಿದ ಮೇಲೆ.

ತೋಳು ಮಡಚಿ, ರಬ್ಬರ್ ಪಟ್ಟಿ ಬಿಗಿದುಕೊಂಡು
ಬನ್ನಿ ಎಂದೆ. ಸೂಜಿ ಇಲ್ಲ ಇವತ್ತು.
ನೋಡಬೇಡಿ, ಮುಟ್ಟಿ.
ಒಬ್ಬೊಬ್ಬರ ಬೆರಳೂ ಒಂದೊಂದು ಬಗೆಯ ತಣ್ಣಗೆ.
ಲೊರೇನ್‌ಳ ಬೆರಳು ಗಾಜಿನ ಅಂಚು ಬಲ್ಲದ್ದು,
ಒತ್ತದೆಯೇ ಕಂಡುಕೊಂಡಿತು.
ಇಲ್ಲಿ, ಎಂದಳು. ಆಮೇಲೆ
ತಪ್ಪು ಮಾಡಿದವಳ ಹಾಗೆ ಕೈ ಹಿಂತೆಗೆದಳು.

ಮೂರನೇ ವಾರಕ್ಕೆ ಒಂಬತ್ತು ಜನ ಉಳಿದರು.
ಚೆನ್ನಾಗಿದೆ ಎಂದರು ಹಾಲ್ವರ್ಸನ್, ಬಲ್ಬು ತಂದಿದ್ದರು.
ಡಿಶಾನ್ ಬರುತ್ತಾನೆ, ತಡವಾಗಿ, ಆಕಳಿಸುತ್ತ.
ಲೊರೇನ್ ಬರಲಿಲ್ಲ. ಗಂಡನ ಡಯಾಲಿಸಿಸ್ಸೋ, ಕಂತೋ,
ಫೋನು ಎತ್ತುತ್ತಿಲ್ಲ.

ಅವಳ ನೋಟ್‌ಬುಕ್ಕು ಇಲ್ಲೇ ಉಳಿದಿದೆ.
ಮೊದಲ ಪುಟದ ಅಡಿಗೆರೆಯ ಕೆಳಗೆ ಒಂದೇ ಮಾತು,
ಇಂಗ್ಲಿಷ್ ಅಕ್ಷರದಲ್ಲಿ, ಕಿವಿಗೆ ಬಿದ್ದ ಹಾಗೆ:
ಕಾಯ್ ಗೂನಾ.
ತಿದ್ದಲಿಲ್ಲ.
ಮೇಜಿನ ಮೇಲಿನ ಖಾನೆಯಲ್ಲಿ, ಬೀಗ ಹಾಕದೆ ಇಟ್ಟಿದ್ದೇನೆ.