ಮುಚ್ಚಿಗೆ

ಹನ್ನೆರಡಡಿ ಹಲಗೆ ಒಬ್ಬಳ ಕೈಗೆ ಬಗ್ಗುವುದಿಲ್ಲ.
ಅದಕ್ಕೇ ಎಂಡೆಲ್‌ಗೆ ಫೋನು ಮಾಡಿದ್ದು,
ಅವನು ಮನೆ ಬಿಟ್ಟ ಆರನೆಯ ಚಳಿಗಾಲ.

ಕುರೆಸಾರೆ ಪೇಟೆಯಿಂದ ಬಂದ, ಸ್ವಂತ ಏಣಿ ಸಮೇತ.
ನಾಯಿ ಮೂಸಿ ನೋಡಿ ಸುಮ್ಮನಾಯಿತು.

ಆ ತುದಿ ಅವನು, ಈ ತುದಿ ನಾನು,
ನಡುವೆ ನೆತ್ತಿಯ ಮೇಲೆ ಸ್ಪ್ರೂಸ್ ಮರದ ವಾಸನೆ.
"ಎತ್ತು." "ತಡಿ." "ಇನ್ನೊಂದು ಚೂರು."
ಇಷ್ಟೇ ಮಾತು.
ಹಲಗೆಯ ನಾಲಿಗೆ ಹಲಗೆಯ ಸೀಳಿಗೆ ಸರಿದು
ಸುತ್ತಿಗೆಯ ಎರಡೇಟಿಗೆ ಬಾಯಿ ಮುಚ್ಚಿತು.

ಗೋಡೆಯ ಬಳಿ ಬೆರಳಗಲ ಬಿಡು ಅಂದ,
ಬೇಸಗೆಗೆ ಮರ ಉಬ್ಬುತ್ತದೆ.
ಗೊತ್ತು. ನಮ್ಮಪ್ಪನೇ ಇಬ್ಬರಿಗೂ ಕಲಿಸಿದ್ದು.

ಕೊನೆಯ ಹಲಗೆ ಕೂರಲೇ ಇಲ್ಲ.
ಅಳೆದರೆ ಕಿಟಕಿಯ ಕಡೆ ನಾಲ್ಕು ಬೆರಳು,
ಒಲೆಯ ಕಡೆ ಎರಡೂವರೆ!
ಇಪ್ಪತ್ತು ವರ್ಷ ಸೊಟ್ಟ ಕೋಣೆಯಲ್ಲಿ ಮಲಗಿದ್ದೆವು,
ಇಬ್ಬರಿಗೂ ತಿಳಿದಿರಲಿಲ್ಲ.
ನಗು ಬಂತು. ಮೊದಲು ಯಾರಿಗೋ.

ಓರೆಯಾಗಿ ಸೀಳಿ ಕೂರಿಸಿದ.
ಕಾಫಿ ಕುಡಿಯುವಾಗ ಕಿವಿ ಮುಟ್ಟಿಕೊಂಡ, ಜೇಬು ತಡವಿದ:
"ನನ್ನ ಪೆನ್ಸಿಲ್ಲು?"
ಐದನೆಯ ಹಲಗೆಯ ಬೆನ್ನ ಮೇಲೆ ಇಟ್ಟದ್ದು ನೋಡಿದ್ದೆ.
"ಕಾಣಲಿಲ್ಲ," ಎಂದೆ.

ಬಡಗಿಯ ಚಪ್ಪಟೆ ಪೆನ್ಸಿಲ್ಲು,
ಉರುಳುವ ಜಾತಿಯದಲ್ಲ.
ಆದರೂ ಗಾಳಿಯ ರಾತ್ರಿ
ಕಿವಿಗೊಟ್ಟು ಮಲಗುತ್ತೇನೆ.