ಸಕ್ಕರೆ ಬೇಡ

ಗ್ಲಾಸಿಗೆ ಮೂಗಿಡುವ ಮೊದಲೇ
ಓಡಿಲೋನನ ದವಡೆಯ ಮೂಲೆಯಲ್ಲಿ ನೀರೂರಿತು.
ನೋಡಿದೆ, ಏನೂ ಅನ್ನಲಿಲ್ಲ.

ಒಂದು ಗುಟುಕು.
ಎಡಗಣ್ಣು ತಾನಾಗಿ ಮುಚ್ಚಿತು.
ಕಿವಿಯ ಹಿಂದೆ ಯಾರೋ ಚಿವುಟಿದ ಹಾಗೆ
ತಲೆ ಒಂದು ಬದಿಗೆ ವಾಲಿ
ಹಲ್ಲೆಲ್ಲ ಜುಮ್ಮೆಂದವಂತೆ, ಕಟ್ಟಿಸಿದ ಹಲ್ಲೂ ಸೇರಿ.

ಚೆರ್ರಿ ಎಲ್ಲಿ? ಮೊದಲು ಬರೀ ಹುಳಿ,
ಹಸಿ ಗೋಡೆ, ಕುದುರೆ ಜೀನಿನ ತೊಗಲು.
ಆಮೇಲೆ, ತಡವಾಗಿ ಬಂದ ನೆಂಟನಂತೆ
ನಾಲಿಗೆಯ ಹೊಸಿಲಲ್ಲಿ ನಿಂತಿತು ಹಣ್ಣು,
ಒಳಗೆ ಬರಲೋ ಬೇಡವೋ ಎಂದು.

ಈ ಹಣ್ಣಿನ ಆರು ಮರ ಕಡಿಸಿದವನು ಇವನೇ,
ಬೇಲಿಯಿಂದ ಎರಡು ಮೊಳ ತನ್ನ ಕಡೆಗಿವೆಯೆಂದು.
ನನ್ನ ಅಕ್ಕನ ಗಂಡ. ಅಕ್ಕ ತೀರಿಕೊಂಡ ವರ್ಷವೇ.
ನಡುವೆ ಯಾರೋ ಹುಳಿ ಹಿಂಡಿದರು ಅನ್ನುತ್ತದೆ ಊರು.
ಯಾರೂ ಹಿಂಡಲಿಲ್ಲ.
ಬಿಯರ್ ಆರಲೆಂದು ಅಟ್ಟದ ಕಿಟಕಿ ತೆರೆದಿಡುತ್ತೇವಲ್ಲ,
ಹಾಗೇ ನಾವೂ ತೆರೆದಿಟ್ಟಿದ್ದೆವು;
ಝೆನ್ನೆ ಹೊಳೆಯ ರಾತ್ರಿಗಾಳಿಯಲ್ಲಿ ಬಂದು ಕೂತದ್ದು
ತನ್ನಷ್ಟಕ್ಕೆ ಹುದುಗಿತು.

ಪೀಪಾಯಿಗಳ ನಡುವೆ ಜೇಡನ ಬಲೆ.
ಗುಡಿಸುವುದಿಲ್ಲ ನಾವು, ನೊಣ ಹಿಡಿಯಲಿ ಎಂದು.
ಅವನ ಟೋಪಿಗೆ ಒಂದೆಳೆ ಅಂಟಿತ್ತು.

ಸಕ್ಕರೆಯ ಗಟ್ಟಿಯೊಂದನ್ನು ತಟ್ಟೆಯಲ್ಲಿ ಸರಿಸಿದೆ,
ಅಪ್ಪನ ಕಾಲದಲ್ಲಿ ಗಿರಾಕಿಗಳು
ಗ್ಲಾಸಿನಲ್ಲೇ ಕುಟ್ಟಿ ಬೆರೆಸುತ್ತಿದ್ದರು.
"ಬೇಡ, ಲುಟ್‌ಗಾರ್ಡ್."
ಹುಳ್ಳಗೆ ನಕ್ಕ. ತಳ ಕಾಣುವವರೆಗೂ ಕುಡಿದ.
ಸಕ್ಕರೆ ಕೋಟಿನ ಜೇಬಿಗಿಳಿಯಿತು,
ಕುದುರೆಗಂತೆ.

ಬಾಗಿಲಲ್ಲಿ ತಿರುಗಿ ಕೇಳಿದ:
"ಇನ್ನೆಷ್ಟಿದೆ ಆ ಪೀಪಾಯಿಯಲ್ಲಿ?"
ಬೆರಳ ಗೆಣ್ಣಿನಿಂದ ಬಡಿದು ನೋಡಿದೆ.
ಮೊಳಕಾಲಿನಷ್ಟೆತ್ತರಕ್ಕೆ ಸದ್ದು ಬದಲಾಯಿತು.